ಬೆಸ ಮ್ಯಾಪ್‌ನ ಡಿಗ್ರಿ ಬೆಸವೇ ಆಗಬೇಕು, ಯಾಕೆ? ಬೇರೆ ಗ್ರೂಪ್ ಹಾಕಿದರೆ ಏನಾಗುತ್ತದೆ?

ಅರ್ಧಸುತ್ತು:
ನಮಸ್ಕಾರ ಎಲ್ಲರಿಗೂ. ಟೋಪಾಲಜಿ ಓದುತ್ತಿದ್ದೇನೆ, ಒಂದು ಕಡೆ ಗಾಡಿ ನಿಂತುಬಿಟ್ಟಿದೆ.

ಗೋಳದಿಂದ ಅದೇ ಆಯಾಮದ ಗೋಳಕ್ಕೆ ಹೋಗುವ ಕಂಟಿನ್ಯೂಯಸ್ ಮ್ಯಾಪ್‌ಗೆ ಡಿಗ್ರಿ ಅಂತ ಒಂದು ಪೂರ್ಣಾಂಕ ಇರುತ್ತದೆ. ಮ್ಯಾಪ್ ಆ ಗೋಳವನ್ನು ಒಟ್ಟು ಎಷ್ಟು ಸಲ ಹೊದಿಸುತ್ತದೆ ಅನ್ನುವ ಲೆಕ್ಕ. ದಿಕ್ಕು ತಿರುವುಮುರುವಾದ ಕಡೆ ಮೈನಸ್. ಇಲ್ಲಿಯವರೆಗೆ ಸರಿ. ಈಗ ಮ್ಯಾಪ್ ಬೆಸ ಆಗಿದ್ದರೆ, ಅಂದರೆ ಎದುರುಬದುರು ಬಿಂದುಗಳನ್ನು ಎದುರುಬದುರು ಬಿಂದುಗಳಿಗೇ ಕಳಿಸಿದರೆ, ಅದರ ಡಿಗ್ರಿ ಬೆಸ ಸಂಖ್ಯೆಯೇ ಆಗಬೇಕಂತೆ. ಬೋರ್ಸುಕ್ 1933ರಲ್ಲಿ ತೋರಿಸಿದ ಫಲಿತಾಂಶ.

ನನ್ನ ಹತ್ತಿರ ಇರುವ ಪುಸ್ತಕದ ಪ್ರೂಫ್ ಪ್ರೊಜೆಕ್ಟಿವ್ ಸ್ಪೇಸ್, ಕೊಹೊಮಾಲಜಿ ರಿಂಗ್ ಅಂತ ಹೋಗಿ ಎರಡು ಪುಟದಲ್ಲಿ ಮುಗಿಯುತ್ತದೆ. ಒಂದೊಂದು ಸಾಲೂ ಅರ್ಥವಾಗುತ್ತದೆ. ಆದರೆ ಇದು ಯಾಕೆ ನಿಜ ಅಂತ ಯಾರಾದರೂ ಕೇಳಿದರೆ ನನ್ನ ಬಾಯಿಂದ ಉತ್ತರ ಬರುವುದಿಲ್ಲ.

ಎರಡು ಪ್ರಶ್ನೆ. ಒಂದು, ಕೈಯಲ್ಲಿ ಹಿಡಿದು ನೋಡುವಂಥ ಕಾರಣ ಇದೆಯಾ? ಎರಡು, ಎದುರು ಬಿಂದುವಿನ ಸಮ್ಮಿತಿ ಬಿಟ್ಟು ಬೇರೆ ಗ್ರೂಪ್, ಅಂದರೆ ಬೇರೆ ಸಮ್ಮಿತಿಗಳ ಕೂಟ, ಹಾಕಿದರೆ ಡಿಗ್ರಿಗೆ ಏನು ಕಟ್ಟುಪಾಡು ಬರುತ್ತದೆ?

ಶೇಷ_ಒಂದು:
ಮೊದಲು ವೃತ್ತದ ಮೇಲೆ ನೋಡಿ. ಅಲ್ಲಿ ಕಾರಣ ಕಣ್ಣಿಗೇ ಕಾಣುತ್ತದೆ.

ನೀವು ವೃತ್ತದ ಮೇಲೆ ಅರ್ಧ ಸುತ್ತು ನಡೆದಿರಿ ಅಂತಿಟ್ಟುಕೊಳ್ಳಿ. ಹೊರಟ ಬಿಂದುವಿಗೆ ಸರಿಯಾಗಿ ಎದುರು ಬಂದು ನಿಂತಿರಿ. ಮ್ಯಾಪ್ ಬೆಸ. ಹಾಗಾಗಿ ನಿಮ್ಮ ಇಮೇಜ್ (ಮ್ಯಾಪ್ ನಿಮ್ಮನ್ನು ಕಳಿಸುವ ಬಿಂದು) ಕೂಡ ತಾನು ಹೊರಟ ಜಾಗದ ಎದುರಿಗೇ ಬಂದಿರಬೇಕು. ನಡುವೆ ಅದು ಎಷ್ಟು ಪೂರ್ತಿ ಸುತ್ತು ಹಾಕಿತೋ ನಮಗೆ ಗೊತ್ತಿಲ್ಲ, ಮ ಸುತ್ತು ಅನ್ನೋಣ. ಒಟ್ಟು ನಡೆದದ್ದು ಮ ಸುತ್ತು ಮತ್ತು ಅರ್ಧ. ನೀವು ಉಳಿದ ಅರ್ಧ ನಡೆಯುವಾಗ ಇಮೇಜ್ ಅದೇ ನಡಿಗೆಯನ್ನು ಎದುರುಗಡೆಯಿಂದ ಹಾಗೇ ಪುನಃ ಮಾಡುತ್ತದೆ. ಎರಡೂ ಸೇರಿ 2ಮ + 1. ಬೆಸ. ಮುಗಿಯಿತು.

ಎರಡನೇ ಪ್ರಶ್ನೆಗೂ ಇಲ್ಲೇ ಸುಳಿವು ಇದೆ. ಅರ್ಧ ಸುತ್ತಿನ ಬದಲು ಸುತ್ತಿನ ಪಿ-ನೇ ಒಂದು ಭಾಗದ ತಿರುಗುವಿಕೆ ತಗೊಳ್ಳಿ. ಇದೇ ವಾದ ಪಿ ಸಲ ನಡೆಯುತ್ತದೆ, ಡಿಗ್ರಿ ಪಿಮ + 1 ಆಗುತ್ತದೆ. ಸಂಕೀರ್ಣ ಸಂಖ್ಯೆಯಲ್ಲಿ ಬೇಕಾದರೆ: ಯ ಅನ್ನು ಅದರ ಕ-ನೇ ಘಾತಕ್ಕೆ ಕಳಿಸುವ ಮ್ಯಾಪ್ ಈ ತಿರುಗುವಿಕೆಯ ಜೊತೆ ಹೊಂದಿಕೊಳ್ಳಬೇಕಾದರೆ ಕ ಅನ್ನು ಪಿ ಇಂದ ಭಾಗಿಸಿದಾಗ ಶೇಷ 1 ಬರಬೇಕು. ಬೇರೆ ದಾರಿ ಇಲ್ಲ.

ಎಪ್ಸಿಲಾನ್:
ವೃತ್ತದ ಮೇಲೆ ಎಲ್ಲರೂ ಹುಲಿಗಳೇ. ಏಳು ಆಯಾಮದ ಗೋಳಕ್ಕೆ ಬನ್ನಿ, ಆಗ ಮಾತಾಡೋಣ.

ಕೋಶಗಣಿತ:
ಬಂದೆ.

ಗ್ರೂಪ್ ಗೋಳದ ಮೇಲೆ ಫ್ರೀ ಆಗಿ ಕೆಲಸ ಮಾಡುತ್ತಿದೆ ಅನ್ನೋಣ. ಅಂದರೆ ಐಡೆಂಟಿಟಿ (ಏನನ್ನೂ ಕದಲಿಸದ ಸದಸ್ಯ) ಬಿಟ್ಟು ಬೇರೆ ಯಾವ ಸದಸ್ಯನೂ ಒಂದೇ ಒಂದು ಬಿಂದುವನ್ನೂ ಇದ್ದಲ್ಲೇ ಇರಲು ಬಿಡುವುದಿಲ್ಲ. ಗೋಳವನ್ನು ಸೆಲ್‌ಗಳಾಗಿ, ಅಂದರೆ ಬಿಂದು, ಗೆರೆ, ತುಂಡು ಹೀಗೆ ಸಣ್ಣ ಭಾಗಗಳಾಗಿ ಕತ್ತರಿಸಿ, ಗ್ರೂಪ್ ಆ ಸೆಲ್‌ಗಳನ್ನು ಒಂದರ ಜಾಗಕ್ಕೆ ಇನ್ನೊಂದನ್ನು ಒಯ್ಯುವ ಹಾಗೆ.

ಈಗ ಎರಡು ಈಕ್ವಿವೇರಿಯಂಟ್ ಮ್ಯಾಪ್, ಅಂದರೆ ಗ್ರೂಪ್‌ನ ಸಮ್ಮಿತಿ ಉಳಿಸುವ ಮ್ಯಾಪ್, ಇಟ್ಟುಕೊಳ್ಳಿ. ಒಂದು ನಿಮ್ಮದು, ಇನ್ನೊಂದು ಐಡೆಂಟಿಟಿ. ನಿಮ್ಮದನ್ನು ಐಡೆಂಟಿಟಿಯ ಕಡೆಗೆ ಸಮ್ಮಿತಿ ಕೆಡದಂತೆ ನಿಧಾನವಾಗಿ ಸರಿಸುತ್ತಾ ಬನ್ನಿ. ಮೊದಲು ಬಿಂದುಗಳ ಮೇಲೆ, ಆಮೇಲೆ ಗೆರೆಗಳ ಮೇಲೆ, ಹೀಗೆ ಮೇಲಕ್ಕೆ. ಕೆಳಗಿನ ಆಯಾಮಗಳಲ್ಲಿ ಅಡ್ಡಿಯೇ ಬರುವುದಿಲ್ಲ. ಯಾಕೆಂದರೆ ಚಿಕ್ಕ ಆಯಾಮದ ಗೋಳವನ್ನು ದೊಡ್ಡ ಆಯಾಮದ ಗೋಳದೊಳಗೆ ಯಾವಾಗಲೂ ಒಂದು ಬಿಂದುವಿಗೆ ಕುಗ್ಗಿಸಬಹುದು. ಕೊನೆಗೆ ಎರಡು ಮ್ಯಾಪ್‌ಗೂ ಇರುವ ವ್ಯತ್ಯಾಸವೆಲ್ಲ ಮೇಲ್ಮಟ್ಟದ ಸೆಲ್‌ಗಳಲ್ಲಿ ಬಂದು ಕೂರುತ್ತದೆ. ಒಂದು ಸೆಲ್ ಮೇಲಿನ ವ್ಯತ್ಯಾಸ ಒಂದು ಪೂರ್ಣಾಂಕ. ಆ ಸೆಲ್ ಮೇಲೆ ಏನಿದೆಯೋ ಅದರ ಎಲ್ಲ ನಕಲುಗಳ ಮೇಲೂ ಅದೇ ಇರಬೇಕು, ಸಮ್ಮಿತಿ ಬೇರೆ ದಾರಿ ಕೊಡುವುದಿಲ್ಲ. ನಕಲುಗಳು ಎಷ್ಟು? ಗ್ರೂಪ್‌ನಲ್ಲಿ ಎಷ್ಟು ಸದಸ್ಯರೋ ಅಷ್ಟು.

ಹಾಗಾಗಿ ನಿಮ್ಮ ಡಿಗ್ರಿಯಿಂದ ಐಡೆಂಟಿಟಿಯ ಡಿಗ್ರಿಯಾದ 1 ಅನ್ನು ಕಳೆದರೆ ಉಳಿಯುವುದು ಗ್ರೂಪ್‌ನ ಗಾತ್ರದಿಂದ ಭಾಗವಾಗುತ್ತದೆ. ಬೋರ್ಸುಕ್ ಹೇಳಿದ್ದು ಗಾತ್ರ 2 ಇರುವ ಸಂದರ್ಭ. ವಾದವನ್ನು ಹಿಂದಕ್ಕೂ ಓಡಿಸಬಹುದು. ಒಂದು ಸೆಲ್ ಮತ್ತು ಅದರ ನಕಲುಗಳ ಮೇಲೆ ಬೇಕಾದಷ್ಟು ಸುತ್ತು ಸೇರಿಸಿ, ಶೇಷ 1 ಇರುವ ಎಲ್ಲ ಡಿಗ್ರಿಗಳೂ ಸಿಗುತ್ತವೆ.

ಅರ್ಧಸುತ್ತು:
ಅಯ್ಯೋ, ಇಷ್ಟೇನಾ! ನಕಲು ಎಣಿಸುವುದು ಅಂತ ಪುಸ್ತಕದಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು ಅಲ್ವಾ?

ಕನ್ನಡಿಬಿಂಬ:
ಸ್ವಲ್ಪ ತಾಳಿ. "ಎಲ್ಲ ನಕಲುಗಳ ಮೇಲೂ ಅದೇ" ಅಂತ ಕೋಶಗಣಿತ ಅವರು ಸಲೀಸಾಗಿ ದಾಟಿಬಿಟ್ಟರು. ಚಿಹ್ನೆಯ ಕಥೆ ಏನು? ಮಾಮೂಲಿ ಎರಡು ಆಯಾಮದ ಗೋಳದಲ್ಲಿ ಎದುರು ಬಿಂದುವಿಗೆ ಹೋಗುವ ಮ್ಯಾಪ್ ದಿಕ್ಕನ್ನೇ ತಿರುಗಿಸುತ್ತದೆ. ಒಂದು ಸೆಲ್‌ನಲ್ಲಿ +1, ಎದುರು ಸೆಲ್‌ನಲ್ಲಿ −1 ಬಂದು ಎರಡೂ ಹೊಡೆದುಹೋಗಬಾರದೇಕೆ?

ಕೋಶಗಣಿತ:
ಎರಡೂ ಕಡೆ ತಿರುಗುತ್ತದಲ್ಲ. ಹೊರಡುವ ಗೋಳದಲ್ಲಿ ದಿಕ್ಕು ತಿರುಗಿತು, ತಲುಪುವ ಗೋಳದಲ್ಲೂ ತಿರುಗಿತು. ಮೈನಸ್ ಇಂಟು ಮೈನಸ್ ಪ್ಲಸ್. ಎರಡೂ ಕಡೆ ಒಂದೇ ಕ್ರಿಯೆ ಇರುವಷ್ಟು ಹೊತ್ತು ಭಯವಿಲ್ಲ.

ಕನ್ನಡಿಬಿಂಬ:
ಅದನ್ನೇ ಹೇಳಿಸಬೇಕಿತ್ತು. ಒಂದು ಕಡೆ ಮಾತ್ರ ತಿರುಗಿದರೆ ಕಥೆ ಬೇರೆ. ಅರ್ಧಸುತ್ತು ಅವರಿಗೆ ಮನೆಗೆಲಸ: ಮ್ಯಾಪ್ ಸಮ ಆಗಿದ್ದರೆ, ಅಂದರೆ ಎದುರುಬದುರು ಬಿಂದುಗಳೆರಡೂ ಒಂದೇ ಜಾಗಕ್ಕೆ ಹೋದರೆ, ಡಿಗ್ರಿ ಏನಾಗಬಹುದು?

ಅರ್ಧಸುತ್ತು:
ಸಮ ಸಂಖ್ಯೆ?

ಶೇಷ_ಒಂದು:
ಬೆಸ ಆಯಾಮದ ಗೋಳದಲ್ಲಿ ಹೌದು, ಸಮ ಸಂಖ್ಯೆ. ವೃತ್ತದಲ್ಲಿ ಯ ಅನ್ನು ಯ² ಗೆ ಕಳಿಸಿ, ಡಿಗ್ರಿ 2. ಆದರೆ ಸಮ ಆಯಾಮದ ಗೋಳದಲ್ಲಿ ಸೊನ್ನೆ ಬಿಟ್ಟು ಬೇರೇನೂ ಸಾಧ್ಯವಿಲ್ಲ. ಅಲ್ಲಿ ಎದುರು ಬಿಂದುವಿಗೆ ಹೋಗುವ ಮ್ಯಾಪ್‌ನ ಡಿಗ್ರಿ −1. ಮೊದಲು ಎದುರಿಗೆ ಹೋಗಿ ಆಮೇಲೆ ನಿಮ್ಮ ಮ್ಯಾಪ್ ಹಾಕಿದರೂ ನಿಮ್ಮ ಮ್ಯಾಪೇ ಸಿಗುತ್ತದೆ. ಹಾಗಾಗಿ ಡಿಗ್ರಿ ತನ್ನದೇ ಮೈನಸ್‌ಗೆ ಸಮ. ಅಂಥ ಸಂಖ್ಯೆ ಸೊನ್ನೆ ಒಂದೇ.

ಹಳೇಲೆಕ್ಕಿಗ:
ಒಳ್ಳೆಯ ಚರ್ಚೆ. ಸ್ವಲ್ಪ ಇತಿಹಾಸ ಸೇರಿಸುತ್ತೇನೆ, ಬೇಡವಾದವರು ಮುಂದೆ ಹೋಗಿ. ಡಿಗ್ರಿಯನ್ನು ಗಟ್ಟಿಯಾಗಿ ನಿಲ್ಲಿಸಿದವರು ಬ್ರೌವರ್, 1910ರ ಆಸುಪಾಸು. ಗೋಳದಿಂದ ಅದೇ ಆಯಾಮದ ಗೋಳಕ್ಕೆ ಹೋಗುವ ಎರಡು ಮ್ಯಾಪ್‌ಗಳ ಡಿಗ್ರಿ ಒಂದೇ ಆದರೆ ಒಂದನ್ನು ಇನ್ನೊಂದಾಗಿ ಸರಿಸಬಹುದು ಅಂತ ತೋರಿಸಿದ್ದು ಹೋಪ್ಫ್. ಲ್ಯುಸ್ಟರ್ನಿಕ್ ಮತ್ತು ಶ್ನಿರೆಲ್ಮನ್ 1930ರಲ್ಲೇ ಎದುರು ಬಿಂದುಗಳ ಬಗ್ಗೆ ಒಂದು ಫಲಿತಾಂಶ ಕೊಟ್ಟಿದ್ದರು. ಎನ್ ಆಯಾಮದ ಗೋಳವನ್ನು ಎನ್ + 1 ಕ್ಲೋಸ್ಡ್ ಸೆಟ್‌ಗಳಿಂದ (ತಮ್ಮ ಅಂಚೂ ಸೇರಿರುವ ಸೆಟ್‌ಗಳು) ಮುಚ್ಚಿದರೆ ಅವುಗಳಲ್ಲಿ ಒಂದಾದರೂ ಸೆಟ್ ಒಳಗೆ ಎದುರುಬದುರು ಜೋಡಿ ಸಿಕ್ಕೇ ಸಿಗುತ್ತದೆ. ಎನ್ ಆಯಾಮದ ಗೋಳದ ಮೇಲೆ ಕಂಟಿನ್ಯೂಯಸ್ ಆಗಿ ಬದಲಾಗುವ ಎನ್ ಅಳತೆಗಳೂ ಒಂದೇ ಆಗಿರುವ ಎದುರುಬದುರು ಜೋಡಿ ಇದ್ದೇ ಇರುತ್ತದೆ ಅನ್ನುವ ಬೋರ್ಸುಕ್–ಉಲಾಮ್ ಪ್ರಮೇಯದ ಇನ್ನೊಂದು ಮುಖ ಅದು. ಉಲಾಮ್ ಊಹಿಸಿದ್ದು, ಬೋರ್ಸುಕ್ ಪ್ರೂಫ್ ಕೊಟ್ಟಿದ್ದು.

ಎಪ್ಸಿಲಾನ್:
ಭೂಮಿಯ ಮೇಲೆ ಯಾವಾಗಲೂ ಒಂದೇ ತಾಪಮಾನ, ಒಂದೇ ಗಾಳಿಯ ಒತ್ತಡ ಇರುವ ಎದುರುಬದುರು ಜಾಗ ಎರಡಿವೆ ಅಂತಾರಲ್ಲ, ಅದೇ ತಾನೇ?

ಹಳೇಲೆಕ್ಕಿಗ:
ಅದೇ. ಎಲ್ಲ ಲೇಖನದಲ್ಲೂ ಆ ಉದಾಹರಣೆ ನೋಡಿ ನೋಡಿ ಸಾಕಾಗಿದೆ.

ಸಂಖ್ಯಾಜಾಲ:
ಜೊತೆಗೆ ತೇವಾಂಶವನ್ನೂ ಸೇರಿಸಿದರೆ?

ಕನ್ನಡಿಬಿಂಬ:
ಗ್ಯಾರಂಟಿ ಹೋಯಿತು. ಎರಡು ಆಯಾಮದ ಗೋಳಕ್ಕೆ ಎರಡೇ ಅಳತೆ. ಮೂರು ಅಳತೆಗೆ ಸುಲಭದ ಪ್ರತಿ ಉದಾಹರಣೆ ಇದೆ. ಬಿಂದುವಿನ ಮೂರು ಕೋಆರ್ಡಿನೇಟ್‌ಗಳನ್ನೇ ಅಳತೆ ಅಂತ ತಗೊಳ್ಳಿ. ಎದುರು ಬಿಂದುವಿನಲ್ಲಿ ಮೂರಕ್ಕೂ ಮೈನಸ್ ಬೀಳುತ್ತದೆ, ಮೂರೂ ಒಟ್ಟಿಗೆ ಸೊನ್ನೆ ಆಗಲ್ಲ, ಹಾಗಾಗಿ ಯಾವ ಜೋಡಿಯೂ ಹೊಂದಿಕೆಯಾಗುವುದಿಲ್ಲ. ಹವಾಮಾನ ಇಲ್ಲಿಗೆ ಸಾಕು, ದಾರಿ ತಪ್ಪುತ್ತಿದೆ.

ನನ್ನ ನಿಜವಾದ ತಕರಾರು ಬೇರೆ. ಇಲ್ಲಿಯವರೆಗೆ ಎಲ್ಲರೂ ಫ್ರೀ ಕ್ರಿಯೆ ಅಂತಲೇ ಮಾತಾಡಿದ್ದೀರಿ. ಅದು ಮಜಾ ಇಲ್ಲದ ಸಂದರ್ಭ. ವೃತ್ತದ ಮೇಲೆ ಕನ್ನಡಿ ಹಾಕಿ, ಮೇಲಿನ ಅರ್ಧ ಕೆಳಗೆ, ಕೆಳಗಿನ ಅರ್ಧ ಮೇಲೆ. ಇದೂ ಎರಡೇ ಸದಸ್ಯರ ಗ್ರೂಪ್. ಆದರೆ ಈಗ 1 ಮತ್ತು −1 ಎಂಬ ಎರಡು ಬಿಂದುಗಳು ಕದಲುವುದಿಲ್ಲ. ಯ ಅನ್ನು ಅದರ ಕ-ನೇ ಘಾತಕ್ಕೆ ಕಳಿಸುವ ಮ್ಯಾಪ್ ಈ ಕನ್ನಡಿಯ ಜೊತೆ ಯಾವಾಗಲೂ ಹೊಂದುತ್ತದೆ, ಕ ಏನೇ ಇರಲಿ. ಡಿಗ್ರಿ 2 ಬೇಕಾ ತಗೊಳ್ಳಿ, 5 ಬೇಕಾ ತಗೊಳ್ಳಿ, ಸೊನ್ನೆ ಬೇಕಾ ಅದೂ ಇದೆ. ನಿಮ್ಮ "ಶೇಷ 1" ಎಲ್ಲಿ ಹೋಯಿತು?

ಶೇಷ_ಒಂದು:
ಎಲ್ಲೂ ಹೋಗಿಲ್ಲ, ಕದಲದ ಬಿಂದುಗಳ ಹತ್ತಿರ ಕೂತಿದೆ. ಕ ಬೆಸ ಆದರೆ −1 ತಾನಿದ್ದಲ್ಲೇ ಇರುತ್ತದೆ. ಕ ಸಮ ಆದರೆ −1 ಹೋಗಿ 1ರ ಮೇಲೆ ಕೂರುತ್ತದೆ. ಆ ಎರಡು ಬಿಂದುಗಳನ್ನೇ ಒಂದು ಪುಟ್ಟ ಗೋಳ ಅಂದುಕೊಳ್ಳಿ, ಸೊನ್ನೆ ಆಯಾಮದ ಗೋಳ. ಮೊದಲನೆಯ ಸಂದರ್ಭದಲ್ಲಿ ಅದರ ಮೇಲಿನ ಡಿಗ್ರಿ 1, ಎರಡನೆಯದರಲ್ಲಿ 0, ಎರಡು ಬಿಂದು ಅದಲುಬದಲಾದರೆ −1. ಒಟ್ಟು ಮ್ಯಾಪ್‌ನ ಡಿಗ್ರಿಗೂ ಈ ಪುಟ್ಟ ಡಿಗ್ರಿಗೂ ಇರುವ ವ್ಯತ್ಯಾಸ ಯಾವಾಗಲೂ ಸಮ ಸಂಖ್ಯೆ.

ಅಂದರೆ ಕಟ್ಟುಪಾಡು ಮಾಯವಾಗಲಿಲ್ಲ. ಒಂದು ಡಿಗ್ರಿಯ ಜಾಗದಲ್ಲಿ ಎರಡು ಡಿಗ್ರಿ ಬಂದವು, ಅವೆರಡರ ನಡುವೆ ಒಂದು ಒಪ್ಪಂದ ಬಂತು. ಈ ವಿಷಯದ ತಿರುಳೇ ಇದು ಅಂತ ನನ್ನ ಅಭಿಪ್ರಾಯ. ಸಮ್ಮಿತಿ ಇರುವ ಮ್ಯಾಪ್‌ಗೆ ಒಂದೇ ಡಿಗ್ರಿ ಕೇಳುವುದು ಸಾಲದು. ಪ್ರತಿ ಸಬ್‌ಗ್ರೂಪ್‌ಗೂ (ಗ್ರೂಪ್‌ನ ಒಳಗಿನ ಚಿಕ್ಕ ಗ್ರೂಪ್), ಅದು ಕದಲಿಸದ ಬಿಂದುಗಳ ಗೋಳದ ಮೇಲೆ, ಒಂದೊಂದು ಡಿಗ್ರಿ ಬರೆದುಕೊಳ್ಳಬೇಕು.

ಅರ್ಧಸುತ್ತು:
ಕದಲದ ಬಿಂದುವೇ ಇಲ್ಲದಿದ್ದರೆ, ಆದರೂ ಕ್ರಿಯೆ ಫ್ರೀ ಅಲ್ಲದಿದ್ದರೆ? ಅಂದರೆ ಇಡೀ ಗ್ರೂಪ್‌ಗೆ ಯಾವ ಬಿಂದುವೂ ಕದಲದೆ ಉಳಿಯುವುದಿಲ್ಲ, ಸಬ್‌ಗ್ರೂಪ್‌ಗಳಿಗೆ ಮಾತ್ರ ಉಳಿಯುತ್ತವೆ. ಆಗ ಡಿಗ್ರಿ ಸೊನ್ನೆ ಆಗಬಹುದಾ?

ಕೋಶಗಣಿತ:
ಚೆನ್ನಾಗಿ ಕೇಳಿದಿರಿ. ಗ್ರೂಪ್‌ನ ಗಾತ್ರ ಒಂದೇ ಅವಿಭಾಜ್ಯ ಸಂಖ್ಯೆಯ ಘಾತ ಆಗಿದ್ದರೆ (4, 8, 9 ಹೀಗೆ) ಆಗಲ್ಲ. ಅದರಾಚೆ ಹೋದರೆ ಆಗಬಹುದು. ಅತಿ ಚಿಕ್ಕ ಉದಾಹರಣೆ 6 ಸದಸ್ಯರ ಚಕ್ರೀಯ ಗ್ರೂಪ್, ಅಂದರೆ ಒಬ್ಬ ಮೂಲ ಸದಸ್ಯನನ್ನೇ ಮತ್ತೆ ಮತ್ತೆ ಹಾಕಿದರೆ ಎಲ್ಲರೂ ಸಿಗುವಂಥದ್ದು. ಕೂತು ಮಾಡೋಣ.

ಎರಡು ಸಂಕೀರ್ಣ ಸಂಖ್ಯೆಗಳ ಜೋಡಿ (ಅ, ಬ) ತಗೊಳ್ಳಿ, ಎರಡೂ ಒಟ್ಟಿಗೆ ಸೊನ್ನೆ ಅಲ್ಲ. ಉದ್ದವನ್ನು 1ಕ್ಕೆ ತಂದರೆ ಮೂರು ಆಯಾಮದ ಗೋಳ. ಗ್ರೂಪ್‌ನ ಮೂಲ ಸದಸ್ಯ ಅ ಅನ್ನು ಮೂರನೇ ಒಂದು ಸುತ್ತು ತಿರುಗಿಸುತ್ತಾನೆ, ಬ ಅನ್ನು ಅರ್ಧ ಸುತ್ತು. ಬ = 0 ಇರುವ ವೃತ್ತದ ಮೇಲೆ ಗ್ರೂಪ್ 3 ಸದಸ್ಯರದ್ದರಂತೆ ವರ್ತಿಸುತ್ತದೆ. ಅಲ್ಲಿ ಡಿಗ್ರಿಯನ್ನು 3ರಿಂದ ಭಾಗಿಸಿದರೆ ಶೇಷ 1 ಬರಬೇಕು. ಅ = 0 ಇರುವ ವೃತ್ತದ ಮೇಲೆ 2 ಸದಸ್ಯರದ್ದರಂತೆ. ಅಲ್ಲಿ ಡಿಗ್ರಿ ಬೆಸ. ಎರಡೂ ಸೊನ್ನೆ ಅಲ್ಲದ ಕಡೆ ಪ್ರತಿ ಬಿಂದುವಿಗೂ ಪೂರ್ತಿ ಆರು ನಕಲು.

ಈಗ (ಅ, ಬ) ಅನ್ನು (ಅ⁴, ಬ³) ಗೆ ಕಳಿಸಿ. 4ಕ್ಕೆ ಮೂರರಲ್ಲಿ ಶೇಷ 1, ಸರಿ. 3 ಬೆಸ, ಸರಿ. ಒಟ್ಟು ಡಿಗ್ರಿ 4 × 3 = 12. ಆರು ನಕಲಿರುವ ಜಾಗದಲ್ಲಿ ನಾವು ಡಿಗ್ರಿಯನ್ನು ಆರಾರು ಕಡಿಮೆ ಮಾಡಬಹುದು. ಎರಡು ಸಲ ಮಾಡಿ. 12 − 6 − 6 = 0.

ಡಿಗ್ರಿ ಸೊನ್ನೆಯ ಈಕ್ವಿವೇರಿಯಂಟ್ ಮ್ಯಾಪ್ ಸಿಕ್ಕಿತು. ಇದರ ಪರಿಣಾಮ ಸಣ್ಣದಲ್ಲ. ಡಿಗ್ರಿ ಸೊನ್ನೆ ಆದ್ದರಿಂದ ಇದನ್ನು ಇನ್ನೂ ದೊಡ್ಡ ಆಯಾಮದ, ಆರು ನಕಲುಗಳ ಜಾಗಕ್ಕೆ ಹಿಗ್ಗಿಸಬಹುದು. ಅಂದರೆ ಬೋರ್ಸುಕ್–ಉಲಾಮ್ ತರಹದ "ದೊಡ್ಡದರಿಂದ ಚಿಕ್ಕದಕ್ಕೆ ಸಮ್ಮಿತಿ ಉಳಿಸಿ ಹೋಗಲಾಗದು" ಅನ್ನುವ ಮಾತು 6 ಸದಸ್ಯರ ಗ್ರೂಪ್‌ಗೆ ಹೀಗೆ ಬಿದ್ದುಹೋಗುತ್ತದೆ.

ಕನ್ನಡಿಬಿಂಬ:
ಎರಡು ಸಲ ಕಳೆಯುವ ಶ್ರಮ ಯಾಕೆ? ಅ⁴ ಬದಲು ಅ ದ ಕಾಂಜುಗೇಟ್‌ನ (ಕಾಲ್ಪನಿಕ ಭಾಗದ ಚಿಹ್ನೆ ತಿರುಗಿಸಿದ ಸಂಖ್ಯೆ) ವರ್ಗ ಹಾಕಿ. ಡಿಗ್ರಿ −2, ಅದಕ್ಕೂ ಮೂರರಲ್ಲಿ ಶೇಷ 1. −2 × 3 = −6. ಒಂದು ಸಲ ಆರು ಕೂಡಿ, ಸೊನ್ನೆ.

ಕೋಶಗಣಿತ:
ನಿಮ್ಮದೇ ಚೆಂದ.

ಎಪ್ಸಿಲಾನ್:
ಸುಮ್ನೆ ಕೇಳುತ್ತೇನೆ, ಯಾರೂ ಬೇಜಾರಾಗಬೇಡಿ. ಇದರಿಂದ ಏನು ಉಪಯೋಗ? ಆರು ಸದಸ್ಯರ ಗ್ರೂಪ್‌ಗೆ ಡಿಗ್ರಿ ಸೊನ್ನೆ ಆದರೆ ಯಾರಿಗೆ ಏನು ನಷ್ಟ?

ಹಳೇಲೆಕ್ಕಿಗ:
ಟ್ವೆರ್ಬರ್ಗ್ ಸಮಸ್ಯೆಗೆ ನಷ್ಟ, ಸ್ವಾಮಿ! ಆರ್ ಅನ್ನುವ ಸಂಖ್ಯೆ, ಡಿ ಅನ್ನುವ ಆಯಾಮ. (ಆರ್ − 1)(ಡಿ + 1) ಆಯಾಮದ ಸಿಂಪ್ಲೆಕ್ಸ್ (ತ್ರಿಕೋನದ ದೊಡ್ಡ ಆಯಾಮದ ರೂಪ) ಅನ್ನು ಡಿ ಆಯಾಮಕ್ಕೆ ಹೇಗೇ ಕಂಟಿನ್ಯೂಯಸ್ ಆಗಿ ಕಳಿಸಿದರೂ, ಒಂದಕ್ಕೊಂದು ತಾಗದ ಆರ್ ಮುಖಗಳ ಇಮೇಜ್‌ಗಳು ಒಂದು ಬಿಂದುವಿನಲ್ಲಿ ಸೇರುತ್ತವಾ? ಆರ್ ಅವಿಭಾಜ್ಯ ಆದರೆ ಹೌದು ಅಂತ ಬಾರಾನಿ, ಶ್ಲಾಸ್ಮನ್, ಸೂಚ್ 1981ರಲ್ಲಿ ತೋರಿಸಿದರು. ಅವಿಭಾಜ್ಯದ ಘಾತಕ್ಕೂ ಹೌದು ಅಂತ ಓಜಾಯ್ದಿನ್ 1987ರಲ್ಲಿ. ಉಳಿದ ಸಂಖ್ಯೆಗಳಿಗೆ ಬಹಳ ಕಾಲ ಎಲ್ಲರೂ ಹೌದು ಅಂತಲೇ ನಂಬಿದ್ದರು. 2015ರಲ್ಲಿ ಫ್ರಿಕ್, ಮಾಬಿಯಾರ್ ಮತ್ತು ವಾಗ್ನರ್ ಅವರ ಕೆಲಸದ ಮೇಲೆ ನಿಂತು, ಅಲ್ಲ ಅಂತ ತೋರಿಸಿದರು. ದೊಡ್ಡ ಆಯಾಮದಲ್ಲಿ ಪ್ರತಿ ಉದಾಹರಣೆ ಇದೆ. ಆರ್ = 6 ಕ್ಕೂ ಇದೆ.

ಕೋಶಗಣಿತ:
ಅಲ್ಲಿ ಕಾರಣ ಕೂಡ ಇದೇ ಜಾತಿಯದ್ದು. 6 ವಸ್ತುಗಳನ್ನು ಅದಲುಬದಲು ಮಾಡುವ ಗ್ರೂಪ್ ತಗೊಳ್ಳಿ. ಅದರಲ್ಲಿ ಗಾತ್ರ 2ರ ಘಾತ ಇರುವ ಯಾವ ಸಬ್‌ಗ್ರೂಪ್ ಹಿಡಿದರೂ ಆರೂ ವಸ್ತುಗಳನ್ನು ಒಂದೇ ಆರ್ಬಿಟ್‌ನಲ್ಲಿ (ಒಂದರಿಂದ ಹೊರಟು ಗ್ರೂಪ್ ಮುಟ್ಟಿಸುವ ಎಲ್ಲವುಗಳ ಗುಂಪು) ಸುತ್ತಿಸಲಾರದು. ಹೆಚ್ಚೆಂದರೆ 4 ಮತ್ತು 2 ಅಂತ ಒಡೆಯುತ್ತದೆ. ಒಡೆದ ಕೂಡಲೇ ತಲುಪುವ ಗೋಳದಲ್ಲಿ ಅದಕ್ಕೆ ಕದಲದ ಬಿಂದು ಸಿಗುತ್ತದೆ, ಎಲ್ಲವನ್ನೂ ಅಲ್ಲಿಗೇ ಕಳಿಸಿಬಿಡಬಹುದು. 3ರ ಘಾತಕ್ಕೂ ಹಾಗೇ. ಒಂದೊಂದು ಅವಿಭಾಜ್ಯಕ್ಕೂ ಅಡ್ಡಿ ಇಲ್ಲ ಅಂದಮೇಲೆ ಒಟ್ಟಿಗೂ ಅಡ್ಡಿ ಇಲ್ಲ. ಓಜಾಯ್ದಿನ್ ಈ ಅರ್ಧವನ್ನು 1987ರಲ್ಲೇ ಕಂಡಿದ್ದರು. ಮ್ಯಾಪ್ ಇದೆ ಅಂತ ಗೊತ್ತಿತ್ತು, ಅದರಿಂದ ಪ್ರತಿ ಉದಾಹರಣೆ ಕಟ್ಟುವುದಕ್ಕೆ ಇಷ್ಟು ವರ್ಷ ಹಿಡಿಯಿತು.

ತೂಕದವನು:
ಉಪಯೋಗ ಅಂತ ಕೇಳಿದವರಿಗೆ ನನ್ನ ಮೆಚ್ಚಿನದ್ದು ಕ್ನೇಸರ್ ಪ್ರಶ್ನೆ. 5 ವಸ್ತುಗಳಿಂದ ಎರಡೆರಡನ್ನು ಆರಿಸಿದರೆ 10 ಜೋಡಿ. ಒಂದಕ್ಕೊಂದು ಏನೂ ಸಮಾನ ಇಲ್ಲದ ಜೋಡಿಗಳಿಗೆ ಬೇರೆ ಬೇರೆ ಬಣ್ಣ ಬಳಿಯಬೇಕು. 3 ಬಣ್ಣ ಬೇಕು, ಅದಕ್ಕಿಂತ ಕಡಿಮೆ ಸಾಲದು. ಎನ್ ವಸ್ತುಗಳಿಂದ ಕ ಕ ಆರಿಸಿದರೆ ಎನ್ − 2ಕ + 2 ಬಣ್ಣ ಬೇಕು ಅಂತ ಕ್ನೇಸರ್ 1955ರಲ್ಲಿ ಊಹಿಸಿದರು. 1978ರಲ್ಲಿ ಲೊವಾಸ್ ಬೋರ್ಸುಕ್–ಉಲಾಮ್ ಬಳಸಿ ಪ್ರೂಫ್ ಮಾಡಿದರು. ಬಣ್ಣ ಬಳಿಯುವ ಲೆಕ್ಕದಲ್ಲಿ ಗೋಳ ಎಲ್ಲಿಂದ ಬಂತು ಅಂತ ಈಗಲೂ ಆಶ್ಚರ್ಯ. 2002ರಲ್ಲಿ ಗ್ರೀನ್ ಅದನ್ನು ಒಂದು ಪುಟದ ಒಳಗೆ ತಂದಿಟ್ಟರು, ಆಗ ಅವರಿನ್ನೂ ಪದವಿ ವಿದ್ಯಾರ್ಥಿ.

ಸಂಖ್ಯಾಜಾಲ:
ನಾನು ಶುದ್ಧ ಗಣಿತದವನಲ್ಲ, ಸಮೀಕರಣ ಬಿಡಿಸಿ ಹೊಟ್ಟೆ ಹೊರೆಯುವವನು. ನನಗೆ ಇದು ಹೇಗೆ ಅಡ್ಡ ಬಂತು ಅಂತ ಹೇಳುತ್ತೇನೆ.

ಒಂದೇ ತರಹದ ಮೂರು ಘಟಕಗಳನ್ನು ಉಂಗುರವಾಗಿ ಜೋಡಿಸಿದ ಮಾದರಿ. ಪ್ರತಿಯೊಂದರ ಬೆಳವಣಿಗೆಯ ದರ: ಲ್ಯಾಮ್ಡಾ ಇಂಟು ತಾನು, ಮೈನಸ್ ತನ್ನ ಘನ, ಮೈನಸ್ ಸಿ ಇಂಟು ಉಳಿದೆರಡರ ಮೊತ್ತ. ಲ್ಯಾಮ್ಡಾ ನಾವು ಬದಲಿಸುವ ಸಂಖ್ಯೆ, ಸಿ ಧನಾತ್ಮಕ. ಮೂರೂ ಸೊನ್ನೆ ಅನ್ನುವುದು ಯಾವಾಗಲೂ ಒಂದು ಪರಿಹಾರ. ಲ್ಯಾಮ್ಡಾ ಏರಿಸುತ್ತಾ ಹೋದರೆ −ಸಿ ದಾಟುವಾಗ ಆ ಪರಿಹಾರ ಅಸ್ಥಿರವಾಗುತ್ತದೆ. ಹೊಸ ಪರಿಹಾರಗಳು ಅಲ್ಲಿ ಕವಲೊಡೆಯುತ್ತವಾ ಅಂತ ತಿಳಿಯಬೇಕಿತ್ತು. ಆ ಸೊನ್ನೆ ಪರಿಹಾರದ ಸುತ್ತಲಿನ ಪುಟ್ಟ ಗೋಳದ ಮೇಲೆ ಡಿಗ್ರಿ ಲೆಕ್ಕ ಹಾಕಿದೆ. ದಾಟುವ ಮುಂಚೆ −1, ದಾಟಿದ ಮೇಲೂ −1. ಒಂದೇ ಸಲಕ್ಕೆ ಎರಡು ಐಗನ್‌ವ್ಯಾಲ್ಯೂ (ಒಂದೊಂದು ದಿಕ್ಕಿನಲ್ಲಿ ಬೆಳೆಯುವ ದರ) ಸೊನ್ನೆ ದಾಟುತ್ತವೆ, ಎರಡು ಮೈನಸ್ ಸೇರಿ ಪ್ಲಸ್. ಡಿಗ್ರಿಗೆ ಏನೂ ಕಾಣಿಸಲೇ ಇಲ್ಲ. ಕಂಪ್ಯೂಟರ್ ಮಾತ್ರ ಎದುರಿಗೇ ಹೊಸ ಪರಿಹಾರ ತೋರಿಸುತ್ತಿದೆ!

ಕನ್ನಡಿಬಿಂಬ:
ಎರಡನೇ ಮತ್ತು ಮೂರನೇ ಘಟಕ ಅದಲುಬದಲು ಮಾಡುವ ಕನ್ನಡಿ ಹಾಕಿ. ಕದಲದ ಜಾಗ ಅಂದರೆ ಅವೆರಡೂ ಸಮ ಇರುವ ಜಾಗ, ಎರಡು ಆಯಾಮ. ಅದರೊಳಗೆ −ಸಿ ಹತ್ತಿರ ದಾಟುವುದು ಒಂದೇ ಐಗನ್‌ವ್ಯಾಲ್ಯೂ, (−2, 1, 1) ದಿಕ್ಕಿನಲ್ಲಿ. ಇನ್ನೊಂದು, ಮೂರೂ ಸಮ ಇರುವ ದಿಕ್ಕಿನದ್ದು, 2ಸಿ ಬರುವವರೆಗೂ ದಾಟುವುದಿಲ್ಲ. ಹಾಗಾಗಿ ಆ ಜಾಗದೊಳಗಿನ ಡಿಗ್ರಿಯ ಚಿಹ್ನೆ ಬದಲಾಗುತ್ತದೆ. ಬದಲಾಯಿತು ಅಂದರೆ ಕವಲು ಇದ್ದೇ ಇದೆ.

ಸಂಖ್ಯಾಜಾಲ:
ಅದನ್ನೇ ಮಾಡಿದ್ದು. ಕವಲಿನ ಆಕಾರ ಕೂಡ ಹಾಗೇ ಬಂತು, ಎರಡು ಘಟಕ ಒಂದು ಕಡೆ, ಮೂರನೆಯದು ಅದರ ವಿರುದ್ಧ. ಮೂರು ಕನ್ನಡಿ ಇರುವುದರಿಂದ ಮೂರು ನಕಲು. ಆದರೂ ನನಗೆ ಒಂದು ಅಸಮಾಧಾನ. ಯಾವ ಕನ್ನಡಿ ಹಾಕಬೇಕು ಅಂತ ನಾನೇ ಹುಡುಕಬೇಕಾಯಿತು. ಎಲ್ಲ ಸಬ್‌ಗ್ರೂಪ್‌ಗೂ ಒಟ್ಟಿಗೆ ಹೇಳುವ ಒಂದು ಲೆಕ್ಕ ಇಲ್ವಾ?

ಶೇಷ_ಒಂದು:
ಇದೆ. ಡಿಗ್ರಿಯನ್ನು ಪೂರ್ಣಾಂಕ ಅಂತ ತಗೊಳ್ಳುವ ಬದಲು ಬರ್ನ್‌ಸೈಡ್ ರಿಂಗ್‌ನ ಸದಸ್ಯ ಅಂತ ತಗೊಳ್ಳುತ್ತಾರೆ. ಹೆಸರು ಕೇಳಿ ಹೆದರಬೇಡಿ. ಆ ರಿಂಗ್‌ನಲ್ಲಿ ಇರುವುದು ಆರ್ಬಿಟ್‌ಗಳ ಲೆಕ್ಕಪುಸ್ತಕ ಅಷ್ಟೇ. ನಿಮ್ಮ ಪರಿಹಾರಗಳು ಒಂಟಿಯಾಗಿ ಬರುವುದಿಲ್ಲ, ಆರ್ಬಿಟ್ ಆರ್ಬಿಟ್ ಆಗಿ ಬರುತ್ತವೆ. ಯಾವ ಜಾತಿಯ ಆರ್ಬಿಟ್ ಎಷ್ಟು, ಚಿಹ್ನೆ ಸಮೇತ, ಅಂತ ಬರೆದಿಟ್ಟರೆ ಅದೇ ಈಕ್ವಿವೇರಿಯಂಟ್ ಡಿಗ್ರಿ. ಮಾಮೂಲಿ ಡಿಗ್ರಿ ಬೇಕಾದರೆ ಆರ್ಬಿಟ್‌ಗಳ ಗಾತ್ರದಿಂದ ಗುಣಿಸಿ ಕೂಡಿ. ಹಾಗೆ ಕೂಡುವಾಗಲೇ ಪ್ಲಸ್ ಮೈನಸ್ ಹೊಡೆದುಹೋಗಿ ನಿಮ್ಮ ಮಾಹಿತಿ ಕಳೆದುಹೋಗಿದ್ದು.

ಆಯಾಮ ಬೇಕಾದಷ್ಟು ದೊಡ್ಡದಾಗಲು ಬಿಟ್ಟರೆ ಈ ಲೆಕ್ಕಪುಸ್ತಕದಲ್ಲಿ ಇರುವುದೆಲ್ಲ ಸಿಗುತ್ತದೆ, ಅದರ ಹೊರಗೆ ಏನೂ ಸಿಗುವುದಿಲ್ಲ ಅಂತ ಸೀಗಲ್ 1970ರಲ್ಲಿ ಹೇಳಿದರು. ಟಾಮ್ ಡೀಕ್ ಅದನ್ನು ವಿಸ್ತಾರವಾಗಿ ಬೆಳೆಸಿದರು. ಸಮೀಕರಣದ ಕಡೆಯಿಂದ ಬಂದವರು ಇಝೆ, ಮಸಾಬೊ, ವಿನ್ಯೋಲಿ. ಅವರ ಕೆಲಸ ಬಂದಿದ್ದು 1980ರ ದಶಕದಲ್ಲಿ.

ಎಪ್ಸಿಲಾನ್:
ಎಲ್ಲ ಸರಿ, ಆದರೆ ಲೆಕ್ಕ ಹಾಕುವುದು ಯಾರು? ಸಬ್‌ಗ್ರೂಪ್‌ಗಳ ಪಟ್ಟಿ ಮಾಡುವಷ್ಟರಲ್ಲಿ ಜೀವ ಹೋಗುತ್ತದೆ. ಸುಮ್ನೆ ನ್ಯೂಟನ್ ವಿಧಾನ ಓಡಿಸಿ ಪರಿಹಾರ ಹುಡುಕಿದರೆ ಆಗಲ್ವಾ?

ಸಂಖ್ಯಾಜಾಲ:
ಸಿಕ್ಕ ಪರಿಹಾರ ಸಿಕ್ಕಿತು ಅಂತ ನ್ಯೂಟನ್ ಹೇಳುತ್ತದೆ. ಸಿಗದಿದ್ದರೆ ಇಲ್ಲ ಅಂತಲೋ, ಎಡವಿದೆ ಅಂತಲೋ ಹೇಳುವುದಿಲ್ಲ. ನನಗೆ "ಇದ್ದೇ ಇದೆ" ಅನ್ನುವ ಮಾತು ಬೇಕು.

ತೂಕದವನು:
ಗ್ರೂಪ್ ಚಿಕ್ಕದಾದಷ್ಟೂ ಶೇಷ ಮಾತ್ರ ಗೊತ್ತಾಗುತ್ತದೆ ಅಂತ ಎಲ್ಲರೂ ಹೇಳುತ್ತಿದ್ದೀರಿ. ದೊಡ್ಡ ಗ್ರೂಪ್ ಹಾಕಿದರೆ ಡಿಗ್ರಿ ಪೂರ್ತಿ ಸಿಕ್ಕಿಬಿಡುತ್ತದೆ. ವೃತ್ತವನ್ನೇ ಗ್ರೂಪ್ ಮಾಡಿ. ಕದಲದ ಬಿಂದು ಇಲ್ಲದಿದ್ದರೆ ಎರಡು ಕಡೆಯ ತೂಕಗಳನ್ನು ಗುಣಿಸಿ ಭಾಗಿಸಿದರೆ ಡಿಗ್ರಿ. ತಲುಪುವ ಕಡೆಯ ತೂಕಗಳ ಗುಣಲಬ್ಧ ಮೇಲೆ, ಹೊರಡುವ ಕಡೆಯದ್ದು ಕೆಳಗೆ. ಮ್ಯಾಪ್ ಯಾವುದು ಅಂತ ಕೇಳುವ ಅಗತ್ಯವೂ ಇಲ್ಲ.

ಅರ್ಧಸುತ್ತು:
ತೂಕ ಅಂದರೆ?

ತೂಕದವನು:
ವೃತ್ತದ ಸದಸ್ಯ ತ ಬಂದು ಅ ಅನ್ನು ತ² ಇಂದ ಗುಣಿಸಿದರೆ ಅ ದ ತೂಕ 2. ತ³ ಇಂದ ಗುಣಿಸಿದರೆ ತೂಕ 3. ಅಷ್ಟೇ.

ಹೊರಡುವ ಕಡೆ (ಅ, ಬ) ತೂಕ 2 ಮತ್ತು 3 ಇರಲಿ. ತಲುಪುವ ಕಡೆ ತೂಕ 1 ಮತ್ತು 6. ಸೂತ್ರದ ಪ್ರಕಾರ ಡಿಗ್ರಿ (1 × 6) / (2 × 3) = 1. ಈಗ ಒಂದು ಮ್ಯಾಪ್ ಕಟ್ಟೋಣ. ಅ* ಅಂದರೆ ಅ ದ ಕಾಂಜುಗೇಟ್, ಅದರ ತೂಕ −2. ಹಾಗಾಗಿ ಅ*ಬ ದ ತೂಕ 1. ಅ³ ಮತ್ತು ಬ² ಎರಡರದ್ದೂ 6. ಮ್ಯಾಪ್ ಇದು: (ಅ, ಬ) ಹೋಗುವುದು (ಅ*ಬ, ಅ³ + ಬ²) ಗೆ. ಎರಡೂ ಸೊನ್ನೆ ಆಗಬೇಕಾದರೆ ಅ ಅಥವಾ ಬ ಸೊನ್ನೆ, ಆಗ ಇನ್ನೊಂದೂ ಸೊನ್ನೆ. ಹಾಗಾಗಿ ಗೋಳದ ಮೇಲೆ ತೊಂದರೆ ಇಲ್ಲ.

ಕನ್ನಡಿಬಿಂಬ:
ನಂಬಲ್ಲ. ಘನವೂ ಇದೆ, ವರ್ಗವೂ ಇದೆ, ಡಿಗ್ರಿ ಬರೀ 1 ಅಂತೀರಾ? ಎಣಿಸಿ ತೋರಿಸಿ.

ತೂಕದವನು:
ಎಣಿಸಿ. (0, 1) ಗೆ ಯಾರು ಯಾರು ಬರುತ್ತಾರೆ ನೋಡೋಣ. ಅ*ಬ ಸೊನ್ನೆ ಆಗಬೇಕು. ಮೊದಲು ಅ = 0 ಅನ್ನಿ. ಆಗ ಬ² = 1, ಎರಡು ಬಿಂದು. ಅಲ್ಲಿ ಮೊದಲನೆಯ ಭಾಗ ಅ ದ ಕಾಂಜುಗೇಟ್‌ನಂತೆ ನಡೆಯುತ್ತದೆ, ದಿಕ್ಕು ತಿರುಗುತ್ತದೆ. ಎರಡನೆಯ ಭಾಗ ಬ² ತಿರುಗಿಸುವುದಿಲ್ಲ. ಹಾಗಾಗಿ ಪ್ರತಿ ಬಿಂದುವಿಗೂ −1, ಒಟ್ಟು −2. ಈಗ ಬ = 0 ಅನ್ನಿ. ಅ³ = 1, ಮೂರು ಬಿಂದು. ಅಲ್ಲಿ ಮೊದಲನೆಯ ಭಾಗ ಬ ಗೆ ಒಂದು ಸಂಕೀರ್ಣ ಸಂಖ್ಯೆಯ ಗುಣಾಕಾರ ಅಷ್ಟೇ, ಅ* ಆ ಹೊತ್ತಿಗೆ ಬರೀ ಗುಣಕ. ಎರಡನೆಯದು ಅ³. ಎರಡು ಸಂಕೀರ್ಣ ಕೋಆರ್ಡಿನೇಟ್ ಜಾಗ ಬದಲಿಸಿದರೂ ದಿಕ್ಕು ತಿರುಗುವುದಿಲ್ಲ. ಮೂರೂ +1. ಒಟ್ಟು 3 − 2 = 1.

ಕನ್ನಡಿಬಿಂಬ:
ಒಪ್ಪಿದೆ. ಕಾಂಜುಗೇಟ್ ಒಂದು ಕಡೆ ಕಚ್ಚುತ್ತದೆ, ಇನ್ನೊಂದು ಕಡೆ ಬಾಲ ಅಲ್ಲಾಡಿಸುತ್ತದೆ.

ಅರ್ಧಸುತ್ತು:
ಸೂತ್ರದಲ್ಲಿ ಭಾಗಾಕಾರ ಪೂರ್ಣಾಂಕ ಬರದಿದ್ದರೆ?

ತೂಕದವನು:
ಅಂಥ ಮ್ಯಾಪೇ ಇಲ್ಲ ಅಂತ ಅರ್ಥ. ತೂಕ 2ರಿಂದ ತೂಕ 3ಕ್ಕೆ ವೃತ್ತದ ಮೇಲೆ ಹೋಗಿ ನೋಡಿ. 3/2 ಬರುತ್ತದೆ. ತ = −1 ಹಾಕಿ, ಎಡಗಡೆ ಏನೂ ಕದಲುವುದಿಲ್ಲ, ಬಲಗಡೆ ಎಲ್ಲ ಕದಲುತ್ತದೆ.

ಸಂಖ್ಯಾಜಾಲ:
ಈ ವೃತ್ತದ ಗ್ರೂಪ್ ನಮ್ಮ ಕಡೆಯೂ ಬರುತ್ತದೆ. ಸಮಯವನ್ನು ಮುಂದೆ ಸರಿಸುವುದೇ ಸಮ್ಮಿತಿ. ಒಂದೇ ಅವಧಿಯಲ್ಲಿ ಮರಳಿ ಮರಳಿ ಬರುವ ಪರಿಹಾರಗಳನ್ನು ಹುಡುಕುವಾಗ, ಅಂದರೆ ಹೋಪ್ಫ್ ಕವಲಿನಲ್ಲಿ, ಜನ ವೃತ್ತಕ್ಕೆ ತಕ್ಕ ಡಿಗ್ರಿಯನ್ನೇ ಬಳಸುತ್ತಾರೆ. ಮೇಲೆ ಹೇಳಿದ ಹೋಪ್ಫ್ ಅವರೇ, ಆದರೆ ಕೆಲಸ ಬೇರೆ.

ಎಪ್ಸಿಲಾನ್:
ಈ ಹೋಪ್ಫ್ ಎಷ್ಟು ಕಡೆ ಕೈ ಹಾಕಿದ್ದಾರೆ ಮಾರಾಯ್ರೆ. ಎರಡೂ ಒಬ್ಬರೇನಾ?

ಹಳೇಲೆಕ್ಕಿಗ:
ಅಲ್ಲ, ಇಬ್ಬರು. ಡಿಗ್ರಿಯ ಹೋಪ್ಫ್ ಹೈನ್ಸ್. ಕವಲಿನ ಹೋಪ್ಫ್ ಎಬರ್ಹಾರ್ಡ್. ಸಂಖ್ಯಾಜಾಲ ಅವರ ಕೊನೆಯ ಸಾಲು ತಿದ್ದಿಕೊಂಡು ಓದಿ.

ಅರ್ಧಸುತ್ತು:
ಒಂದು ಕೊನೆಯ ಪ್ರಶ್ನೆ. 4 ಸದಸ್ಯರ ಚಕ್ರೀಯ ಗ್ರೂಪ್‌ಗೆ ಡಿಗ್ರಿಗಳ ನಡುವಿನ ಒಪ್ಪಂದ ಏನು? ಎರಡೂ ಕಡೆ ಒಂದೇ ಕ್ರಿಯೆ ಅಂತಿಟ್ಟುಕೊಳ್ಳಿ. ನಾನು ಮೂರು ಡಿಗ್ರಿ ಬರೆದುಕೊಂಡಿದ್ದೇನೆ: ಒಟ್ಟು ಗೋಳದ್ದು, 2 ಸದಸ್ಯರ ಸಬ್‌ಗ್ರೂಪ್ ಕದಲಿಸದ ಗೋಳದ್ದು, ಇಡೀ ಗ್ರೂಪ್ ಕದಲಿಸದ ಗೋಳದ್ದು.

ಶೇಷ_ಒಂದು:
ಲೆಕ್ಕಪುಸ್ತಕ ತೆಗೆಯಿರಿ. ಆರ್ಬಿಟ್ ಮೂರೇ ಜಾತಿ: ಒಂದು ಬಿಂದು, ಎರಡು ಬಿಂದು, ನಾಲ್ಕು ಬಿಂದು. ಇವು ಕ್ರಮವಾಗಿ ಕ, ಚ, ಟ ಸಲ ಇರಲಿ. ಇಡೀ ಗ್ರೂಪ್‌ಗೆ ಕದಲದ್ದು ಒಂಟಿ ಬಿಂದುಗಳು ಮಾತ್ರ, ಹಾಗಾಗಿ ಅಲ್ಲಿ ಕ. ಸಬ್‌ಗ್ರೂಪ್‌ಗೆ ಜೋಡಿಗಳೂ ಕದಲುವುದಿಲ್ಲ, ಅಲ್ಲಿ ಕ + 2ಚ. ಒಟ್ಟು ಗೋಳದಲ್ಲಿ ಕ + 2ಚ + 4ಟ. ಈಗ ನೀವೇ ಓದಿ.

ಅರ್ಧಸುತ್ತು:
ಕೆಳಗಿನ ಎರಡರ ವ್ಯತ್ಯಾಸ 2ರಿಂದ ಭಾಗವಾಗಬೇಕು, ಮೇಲಿನ ಎರಡರದ್ದು 4ರಿಂದ.

ಶೇಷ_ಒಂದು:
ಅಷ್ಟೇ. 6ಕ್ಕೂ ಇದೇ ತರಹ ಮಾಡಿ ನೋಡಿ, ಕೋಶಗಣಿತ ಅವರ ಸೊನ್ನೆ ತಾನಾಗೇ ಹೊರಗೆ ಬರುತ್ತದೆ.